ಬಣ್ಣ ಹತ್ತದ ಬಟ್ಟೆ

ಬಟ್ಟೆ ಬೆಳ್ಳಗೇ ಬಂತು.

ಪಾಲಿಶಕ್ಕ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ಮಡಿಕೆ ಬಿಚ್ಚಿ, ತಿರುಗಿಸಿ ನೋಡಿದಳು. ಪಾಲಿಶ್ ಪೇಸ್ಟಿನ ಮಸುಕು ಬಿಟ್ಟರೆ ಅದರಲ್ಲಿ ಏನೂ ಇರಲಿಲ್ಲ. ಉಜ್ಜಿದ್ದು ಕಾರಿನ ಬಾಗಿಲ ಒಳ ಅಂಚನ್ನು, ಅದೂ ಅಂಗೈಯಗಲ ಅಷ್ಟೆ. ಯಾವ ಕಾರಿಗೆ ಕೈ ಹಚ್ಚಿದರೂ ಮೊದಲು ಹೀಗೆ ಮರೆಯ ಜಾಗದಲ್ಲಿ ಪೇಸ್ಟು ಹಾಕಿ ಪರೀಕ್ಷೆ ಮಾಡಿಕೊಳ್ಳುವುದು ಅವಳ ಇಪ್ಪತ್ತೆರಡು ವರ್ಷದ ಪದ್ಧತಿ.

ಇದು ಹಳೇ ಕಾಲದ ಬಣ್ಣ. ಈಗಿನ ಕಾರುಗಳಿಗೆ ಇರುವಂತೆ ಬಣ್ಣದ ಮೇಲೆ ಗಾಜಿನಂಥ ಇನ್ನೊಂದು ಪದರ ಇದಕ್ಕಿಲ್ಲ. ಉಜ್ಜಿದರೆ ಬಟ್ಟೆಗೆ ಕಡುಗೆಂಪು ಹತ್ತಲೇಬೇಕು. ಪ್ರತಿ ವರ್ಷ ಈ ಕಾರಿನ ಕೆಲಸ ಮುಗಿಯುವ ಹೊತ್ತಿಗೆ ಅವಳ ಬೆರಳುಗಳು ಬೀಟ್‌ರೂಟ್ ಹೆಚ್ಚಿದಂತೆ ಆಗಿರುತ್ತಿದ್ದವು, ಎರಡು ದಿನ ಸೋಪು ಹಾಕಿ ತಿಕ್ಕಿದರೂ ಹೋಗುತ್ತಿರಲಿಲ್ಲ.

ಕಣ್ಣು ಮೋಸ ಮಾಡಿತೇನೋ ಎಂದು ಹೊಸ ಬಟ್ಟೆ ತೆಗೆದುಕೊಂಡು ಹಿಂದಿನ ಡಿಕ್ಕಿಯ ಮುಚ್ಚಳದ ಒಳಗೆ ಉಜ್ಜಿದಳು. ಬಿಳಿ. ಮಡ್‌ಗಾರ್ಡಿನ ಕೆಳಗೆ ಉಜ್ಜಿದಳು. ಬಿಳಿ.

ಹತ್ತು ದಿನದ ಹಿಂದೆ ಇದೇ ಶೆಡ್ಡಿನಿಂದ ಮಾಯವಾಗಿ, ಎರಡು ದಿನ ಬಿಟ್ಟು ಪಾಳು ಗೋದಾಮಿನಲ್ಲಿ ಸಿಕ್ಕಿದ ಕಾರು ಇದು. ಅದನ್ನು ಕದ್ದವನೆಂದು ಜೈಲಿಗೆ ಹೋದವನು ಮೂವತ್ತು ವರ್ಷದಿಂದ ಅದನ್ನು ಓಡಿಸುತ್ತಿದ್ದ ಡ್ರೈವರು. ಪಾಲಿಶಕ್ಕನ ಒಡಹುಟ್ಟಿದ ಅಣ್ಣ.

ಈ ಸಲ ಅಳಿಯದೇವರ ಅಪ್ಪಣೆಯೇ ವಿಚಿತ್ರವಾಗಿತ್ತು. ಅಳಿಯದೇವರು ಅಂದರೆ ಕಾರಿನ ಒಡತಿ ಡಾಕ್ಟರಮ್ಮನ ಮಗಳ ಗಂಡ. ಡಾಕ್ಟರಮ್ಮನಿಗೆ ವಯಸ್ಸಾದ ಮೇಲೆ ಮನೆಯ ಯಜಮಾನಿಕೆ ಕೇಳದೆಯೇ ಅವನ ಹೆಗಲೇರಿತ್ತು.

"ಪೇಸ್ಟು ಗೀಸ್ಟು ಏನೂ ಬೇಡ. ಒಣ ಬಟ್ಟೆಯಲ್ಲಿ ಧೂಳು ಒರೆಸಿ ಸಾಕು. ಹಾಗೇ ತರಬೇಕಂತೆ, ಪ್ರದರ್ಶನದವರು ಹೇಳಿದ್ದಾರೆ" ಎಂದಿದ್ದ.

ಬರೀ ಧೂಳು ಒರೆಸಲು ಪಾಲಿಶಕ್ಕನೇ ಬೇಕಿತ್ತೇ? ಬೇಕಿತ್ತು. ಹಳೇ ಕಾರುಗಳ ಪ್ರಪಂಚದಲ್ಲಿ ಈ ಕಾರಿಗೂ ಅವಳಿಗೂ ಇರುವ ನಂಟು ಗೊತ್ತಿಲ್ಲದವರಿಲ್ಲ. ನಾಳೆಯ ಪ್ರದರ್ಶನಕ್ಕೆ ಅವಳಿಲ್ಲದೆ ಕಾರು ಬಂದರೆ ನಾಲ್ಕು ಜನ ಹುಬ್ಬೇರಿಸುತ್ತಿದ್ದರು. ಅದಕ್ಕೇ ಕರೆದಿದ್ದ, ಕರೆದು ಕೈ ಕಟ್ಟಿಹಾಕಿದ್ದ. ಅವಳ ಕೈ ಮಾತ್ರ ಹಳೇ ಅಭ್ಯಾಸದಂತೆ ತಾನಾಗಿಯೇ ಪೇಸ್ಟಿನ ಡಬ್ಬಿಗೆ ಹೋಗಿತ್ತು.

ಪಾಲಿಶಕ್ಕ ಕಾರಿನ ಮುಂದೆ ಬಂದು ಕುಕ್ಕರಗಾಲಲ್ಲಿ ಕೂತಳು. ಬಾನೆಟ್ಟಿನ ಬಲಗಡೆಯ ಏಣಿನ ಮೇಲೆ ಹುಣಸೆ ಬೀಜದಷ್ಟು ಬೂದು ಕಲೆ ಇತ್ತು. ಇರಬೇಕಾದ ಜಾಗದಲ್ಲೇ, ಇರಬೇಕಾದ ಅಳತೆಯಲ್ಲೇ ಇತ್ತು.

ಆ ಕಲೆ ಅವಳದೇ ಕೈಕೆಲಸ. ಅಣ್ಣ ಅವಳನ್ನು ಮೊದಲ ಸಲ ಈ ಮನೆಗೆ ಕೆಲಸಕ್ಕೆ ಕರೆತಂದ ವರ್ಷ, ಪಾಲಿಶ್ ಮಷೀನು ಹಿಡಿದ ಹುಮ್ಮಸ್ಸಿನಲ್ಲಿ ಏಣಿನ ಮೇಲೆ ಒಂದು ಗಳಿಗೆ ಜಾಸ್ತಿ ನಿಂತಿದ್ದಳು. ಏಣಿನ ಮೇಲೆ ಬಣ್ಣ ಯಾವಾಗಲೂ ತೆಳು. ನೋಡನೋಡುತ್ತ ಬಣ್ಣ ಸವೆದು ಅಡಿಯ ಬೂದು ಪ್ರೈಮರ್ ಇಣುಕಿತ್ತು. ಅಣ್ಣ ಸೀದಾ ಒಳಗೆ ಹೋಗಿ, "ಅಮ್ಮಾ, ಬೆಳಿಗ್ಗೆ ಒರೆಸುವಾಗ ನನ್ನ ಉಂಗುರ ತಾಗಿ ಬಣ್ಣ ಹೋಯ್ತು" ಎಂದು ಹೇಳಿ, ಬೈಗುಳ ತಿಂದು, ನಗುತ್ತ ಹೊರಗೆ ಬಂದಿದ್ದ. ಆ ಗುಟ್ಟು ಇವತ್ತಿಗೂ ಅಣ್ಣತಂಗಿಯರ ನಡುವೆಯೇ ಇತ್ತು.

ಪ್ರತಿ ವರ್ಷ ಅವಳು ಆ ಕಲೆಯ ಅಂಚನ್ನು ಉಗುರಿನಿಂದ ತಡವುತ್ತಿದ್ದಳು. ಬಣ್ಣ ಮುಗಿದು ಪ್ರೈಮರ್ ಶುರುವಾಗುವಲ್ಲಿ ಉಗುರು ಸಣ್ಣಗೆ ತಡೆಯುತ್ತಿತ್ತು.

ಈಗ ಉಗುರಿಟ್ಟಳು. ಉಗುರು ಸರ್ರನೆ ಜಾರಿಹೋಯಿತು. ಅಂಚೇ ಇಲ್ಲ. ಕಲೆ ಇದ್ದದ್ದು ಮೇಲಿನ ಗಾಜಿನಂಥ ಪದರದ ಅಡಿಯಲ್ಲಿ. ಯಾರೋ ಕೂತು, ಕುಂಚ ಹಿಡಿದು, ಅವಳ ತಪ್ಪನ್ನು ಚಿತ್ರ ಬರೆದಂತೆ ಬರೆದು, ಅದರ ಮೇಲೆ ಅಂದವಾಗಿ ವಾರ್ನಿಷ್ ಹೊಡೆದಿದ್ದರು.

ಪಾಲಿಶಕ್ಕನಿಗೆ ನಗು ತಡೆಯಲಾಗಲಿಲ್ಲ. ಹತ್ತು ದಿನದಲ್ಲಿ ಮೊದಲ ಸಲ, ಖಾಲಿ ಶೆಡ್ಡಿನಲ್ಲಿ ಒಬ್ಬಳೇ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ಆಮೇಲೆ ಬಾನೆಟ್ ಎತ್ತಿ ಒಳಗೆ ನೋಡಬೇಕಾದ್ದನ್ನು ನೋಡಿಕೊಂಡಳು, ಬಟ್ಟೆಗಳನ್ನು ಜೋಪಾನವಾಗಿ ಮಡಚಿಟ್ಟಳು, ಇನ್‌ಸ್ಪೆಕ್ಟರಿಗೆ ಫೋನು ಮಾಡಿದಳು.

"ಸಾರ್, ಒಂದರ್ಧ ಗಂಟೆ ಬಿಡುವು ಮಾಡ್ಕೊಂಡು ಬನ್ನಿ. ಅಣ್ಣನ ಕೇಸಿನ ಫೈಲೂ ತನ್ನಿ."

"ಯಾಕಮ್ಮ, ಏನಾಯ್ತು?"

"ಕಾರಿಗೆ ಪಾಲಿಶ್ ಮಾಡಿದೆ ಸಾರ್. ಏನೋ ಹೊಳೀತು."

*

ಹತ್ತೂವರೆ ಹೊತ್ತಿಗೆ ಕಾರು ಪೋರ್ಟಿಕೋದಲ್ಲಿ ನಿಂತಿತ್ತು. ಪಕ್ಕದ ಬೆತ್ತದ ಕುರ್ಚಿಯಲ್ಲಿ ಡಾಕ್ಟರಮ್ಮ ಕೂತಿದ್ದರು. ಮಡಿಲಲ್ಲಿ ಪತ್ರಿಕೆ ಇತ್ತು, ಓದುತ್ತಿರಲಿಲ್ಲ. ಇನ್‌ಸ್ಪೆಕ್ಟರ್ ಪೇಸ್ಟಿನ ವಾಸನೆ ಒಗ್ಗದೆ ಬಂದಾಗಿನಿಂದ ಸೀನುತ್ತಲೇ ಇದ್ದರು. ಕಂಕುಳಲ್ಲಿ ಫೈಲು, ಮೂಗಿಗೆ ಕರವಸ್ತ್ರ.

ಅಳಿಯದೇವರು ಇಸ್ತ್ರಿ ಬಟ್ಟೆಯಲ್ಲಿ ಗರಿಗರಿಯಾಗಿ ಇಳಿದು ಬಂದ. ಪೊಲೀಸರನ್ನು ಕಂಡು ಒಂದು ಮೆಟ್ಟಿಲ ಮೇಲೆ ನಿಂತ.

"ಏನ್ ಸಾರ್, ಬೆಳಿಗ್ಗೆ ಬೆಳಿಗ್ಗೆ?"

"ನಾನೇ ಕರೆಸಿದ್ದು" ಎಂದಳು ಪಾಲಿಶಕ್ಕ. "ನಾಳೆ ಬಹುಮಾನ ತಗೊಳ್ಳೋ ಕಾರು. ಅವರೂ ಒಂದ್ಸಲ ಕಣ್ತುಂಬ ನೋಡ್ಲಿ ಅಂತ."

"ಇಷ್ಟೆಲ್ಲಾ ಯಾಕೇ?" ಡಾಕ್ಟರಮ್ಮ ಮೆಲ್ಲಗೆ ಅಂದರು. "ಒರೆಸಿ ಕಳಿಸಿಬಿಡು, ಸಾಕು."

"ಐದೇ ನಿಮಿಷ ಅಮ್ಮಾ." ಪಾಲಿಶಕ್ಕ ಅಳಿಯನ ಕಡೆ ತಿರುಗಿದಳು. "ಅಲ್ಲ ಸ್ವಾಮೀ, ನಾಳೆ ಯಾವ ವರ್ಗದಲ್ಲಿ ಹಾಕಿದ್ದೀರಿ?"

"ಮೂಲ ಬಣ್ಣದ ವರ್ಗ. ಪ್ರತಿ ವರ್ಷದ ಹಾಗೆ."

"ಅಂದ್ರೆ ಫ್ಯಾಕ್ಟರಿಯಿಂದ ಬಂದ ದಿನ ಇದ್ದ ಬಣ್ಣಾನೇ ಈಗ್ಲೂ ಇದೆ."

"ಗೊತ್ತಿರೋದನ್ನೇ ಕೇಳ್ತೀರಲ್ಲ. ಈ ಕಾರಿಗೆ ಬ್ರಷ್ ಮುಟ್ಟಿಸಿದವರಿಲ್ಲ. ಫಾರಮ್ಮಲ್ಲಿ ಹಾಗಂತ ಬರೆದು ಸೈನ್ ಮಾಡಿದ್ದೀನಿ."

"ಗೋದಾಮಿಂದ ಬಂದ ಮೇಲೂ ಯಾರೂ ಮುಟ್ಟಿಲ್ಲ?"

"ಯಾರೂ ಮುಟ್ಟಿಲ್ಲ. ಇನ್ನೇನಾದ್ರೂ ಇದೆಯಾ?"

"ಇಲ್ಲ. ಇಷ್ಟೇ ಬೇಕಾಗಿತ್ತು" ಎಂದು ಪಾಲಿಶಕ್ಕ ತನ್ನ ಚೀಲಕ್ಕೆ ಕೈ ಹಾಕಿದಳು. ನಾಜೂಕಿನವನು ತಾನಾಗಿಯೇ ಬಂದು ಬಲೆಯೊಳಗೆ ಚಕ್ಕಳಮಕ್ಕಳ ಹಾಕಿ ಕೂತಿದ್ದ. ಇನ್ನು ದಾರ ಎಳೆಯುವುದೊಂದೇ ಬಾಕಿ.

ಅವಳು ಹೊರತೆಗೆದದ್ದು ಒಂದು ಬಟ್ಟೆ ಗಂಟು. ಒಂದು ಕಾರಿನ ಬಟ್ಟೆ ಇನ್ನೊಂದಕ್ಕೆ ತಾಗಿದರೆ ಬಣ್ಣ ಬೆರೆತು ಕೆಲಸ ಕೆಡುತ್ತದೆ. ಹಾಗಾಗಿ ಒಂದೊಂದು ಕಾರಿಗೂ ಅವಳ ಹತ್ತಿರ ಬೇರೆ ಬೇರೆ ಗಂಟು ಇರುತ್ತಿತ್ತು. ಗಂಟು ಬಿಚ್ಚಿದಳು. ಒಳಗಿದ್ದ ಒಂದೊಂದು ತುಂಡೂ ಕಡುಗೆಂಪಾಗಿತ್ತು.

"ಸಾರ್, ಇವು ಈ ಕಾರಿನ ಹಳೇ ಬಟ್ಟೆಗಳು. ಹೋದ ವರ್ಷದ್ದು, ಅದರ ಹಿಂದಿನ ವರ್ಷದ್ದು. ಉಜ್ಜಿದಾಗ ಈ ಬಣ್ಣ ಹೀಗೆ ಬಿಡುತ್ತೆ. ಈಗ ಈ ಹೊಸ ಬಟ್ಟೆ ತಗೊಳ್ಳಿ. ಇದು ಪೇಸ್ಟು. ನನ್ನ ಕೈ ಬೇಡ, ನಿಮ್ಮ ಕೈಯಾರೆ ಉಜ್ಜಿ."

"ನಾನಾ?" ಇನ್‌ಸ್ಪೆಕ್ಟರ್ ಒಂದು ಸೀನು ಸೀನಿದರು. "ಎಲ್ಲಿ ಉಜ್ಜಲಿ?"

"ಎಲ್ಲಿ ಬೇಕಾದ್ರೂ ಉಜ್ಜಿ."

"ಪೇಸ್ಟು ಹಾಕಬಾರದು ಅಂತ ಹೇಳಿದ್ನಲ್ಲ" ಎಂದು ಅಳಿಯ ದಡದಡ ಇಳಿದು ಬಂದ. "ಪ್ರದರ್ಶನದವರ ನಿಯಮ ಅದು. ನಾಳೆ ಹೊರಗೆ ಹಾಕ್ತಾರೆ."

ಅಷ್ಟರಲ್ಲಿ ಇನ್‌ಸ್ಪೆಕ್ಟರು ಬಾಗಿಲ ಮೇಲೆ ಉಜ್ಜಿಯಾಗಿತ್ತು. ಬಟ್ಟೆ ಎತ್ತಿ ನೋಡಿದರು. ಕೆಂಪು ಗಂಟನ್ನು ನೋಡಿದರು. ಮತ್ತೆ ಬಟ್ಟೆ ನೋಡಿದರು. ಅವರ ಸೀನು ನಿಂತುಹೋಯಿತು.

"ಇದೇನ್ರೀ, ಬಣ್ಣಾನೇ ಬಿಡ್ತಿಲ್ಲ?"

"ಬಿಡಲ್ಲ ಸಾರ್. ಇದರ ಮೇಲೆ ಇನ್ನೊಂದು ಪದರ ಇದೆ. ಹೊಸ ಬಣ್ಣ. ಇದು ಡಾಕ್ಟರಮ್ಮನ ಕಾರಲ್ಲ."

ಅಳಿಯನ ಮುಖದ ಗರಿ ಮುದುಡಿತು. ಆದರೂ ಅಷ್ಟು ಸುಲಭಕ್ಕೆ ಸೋಲುವ ಆಸಾಮಿ ಅಲ್ಲ ಅವನು.

"ಸರಿ, ಹೇಳಿಬಿಡ್ತೀನಿ. ಗೋದಾಮಲ್ಲಿ ಗೀರು ಬಿದ್ದಿತ್ತು. ವಾಪಸ್ ಬಂದ ಮೇಲೆ ಸ್ವಲ್ಪ ಬಣ್ಣ ಹೊಡೆಸಿದೆ. ಬಹುಮಾನ ತಪ್ಪುತ್ತೆ ಅಂತ ಮುಚ್ಚಿಟ್ಟೆ. ಅದೇನು ಅಂಥಾ ಅಪರಾಧ ಅಲ್ಲವಲ್ಲ."

"ಅಮ್ಮಾ" ಎಂದಳು ಪಾಲಿಶಕ್ಕ, "ಕಾರು ವಾಪಸ್ ಬಂದ ದಿನದಿಂದ ಶೆಡ್ಡಿನ ಬೀಗದ ಕೈ ಯಾರ ಹತ್ರ ಇತ್ತು?"

ಡಾಕ್ಟರಮ್ಮ ಪತ್ರಿಕೆಯ ಅಂಚನ್ನು ಮಡಚಿದರು, ಬಿಡಿಸಿದರು.

"ನನ್ನ ಹತ್ರಾನೇ."

"ಯಾರಿಗಾದ್ರೂ ಕೊಟ್ಟಿದ್ರಾ?"

"ಇಲ್ಲ. ಇವತ್ತು ಬೆಳಿಗ್ಗೆ ನಿನಗೇ ಮೊದಲು ಕೊಟ್ಟಿದ್ದು."

"ಹಾಗಾದ್ರೆ ಕಳ್ಳನೇ ಹೊಡೆಸಿರಬೇಕು, ಆ ಎರಡು ದಿನದಲ್ಲಿ" ಎಂದ ಅಳಿಯ. "ನನಗೇನು ಗೊತ್ತು? ನೀವು ಗೀರು ಅಂದಿದ್ದಕ್ಕೆ ಗಾಬರಿಯಲ್ಲಿ ಏನೋ ಬಾಯಿಗೆ ಬಂತು."

"ಗೀರು ಅಂದಿದ್ದು ನೀವೇ ಸ್ವಾಮೀ, ನಾನಲ್ಲ." ಪಾಲಿಶಕ್ಕ ಒಂದು ಹೆಜ್ಜೆ ಮುಂದೆ ಬಂದಳು. "ಬಾಗಿಲ ಒಳಗೆ, ಡಿಕ್ಕಿ ಒಳಗೆ, ಮಡ್‌ಗಾರ್ಡ್ ಕೆಳಗೆ, ಮೂಲೆಮೂಲೆಗೂ ಬಣ್ಣ ಹೊಡೆದಿದೆ. ಹಳೇದು ಕೆರೆದು, ಪ್ರೈಮರ್ ಹಾಕಿ, ಒಣಗಿಸಿ, ಬಣ್ಣ ಹೊಡೆದು, ಮತ್ತೆ ಒಣಗಿಸಿ ಪಾಲಿಶ್ ಮಾಡೋಕೆ ಒಂದೂವರೆ ತಿಂಗಳು ಬೇಕು. ಎರಡು ದಿನದಲ್ಲಿ ಇಂಥಾ ಕೆಲಸ ಮಾಡೋನು ಇದ್ರೆ ಹೇಳಿ, ನಾನೇ ಹೋಗಿ ಅವನ ಹತ್ರ ಕೆಲಸಕ್ಕೆ ಸೇರ್ತೀನಿ."

ಇನ್‌ಸ್ಪೆಕ್ಟರ್ ಗಂಟಲು ಸರಿಮಾಡಿಕೊಂಡರು. "ಆದ್ರೆ ನಂಬರು ಸರಿಯಾಗಿತ್ತಲ್ಲಮ್ಮ. ನಾವೇ ನೋಡಿದ್ದೀವಿ, ಬಾನೆಟ್ ಒಳಗೆ ನಂಬರು ಕೊರೆದಿರೋ ಹಿತ್ತಾಳೆ ಪಟ್ಟಿ."

"ಪಟ್ಟಿ ನಿಜವಾದದ್ದೇ ಸಾರ್. ಬನ್ನಿ ನೋಡಿ." ಅವಳು ಬಾನೆಟ್ ಎತ್ತಿದಳು. "ಅಕ್ಷರದ ಸಂದಿಯಲ್ಲಿ ಬೆಳ್ಳಗೆ ಕೂತಿದೆಯಲ್ಲ, ಅದು ನನ್ನ ಪೇಸ್ಟು. ಎಷ್ಟು ವರ್ಷ ಕಡ್ಡಿ ಹಾಕಿ ತೆಗೆದ್ರೂ ಸ್ವಲ್ಪ ಉಳಿದುಬಿಡುತ್ತೆ. ಪಟ್ಟಿಯ ಸುತ್ತಲೂ ತಗಡಿನ ಮೇಲೆ ಹಾಗೇ ಒಂದು ಬಿಳಿ ಗೆರೆ ಇರ್ತಿತ್ತು. ಈಗ ಎಲ್ಲಿದೆ? ಇಲ್ಲ. ಪಟ್ಟಿ ಆ ಕಾರಿನದು, ತಗಡು ಈ ಕಾರಿನದು. ಬಿಚ್ಚಿ ತಂದು ಇಲ್ಲಿ ಕೂರಿಸಿದ್ದಾರೆ."

ಇನ್‌ಸ್ಪೆಕ್ಟರ್ ಮೂಗನ್ನು ಪಟ್ಟಿಗೆ ತಾಗಿಸುವಷ್ಟು ಬಗ್ಗಿ ನೋಡಿದರು. ನಿಧಾನವಾಗಿ ತಲೆಯಾಡಿಸಿದರು.

"ಕೊನೇದು ಒಂದಿದೆ ಸಾರ್" ಎಂದಳು ಪಾಲಿಶಕ್ಕ. "ಅಮ್ಮಾ, ಇದನ್ನ ನಿಮಗೆ ಇಪ್ಪತ್ತೆರಡು ವರ್ಷದ ಹಿಂದೆಯೇ ಹೇಳಬೇಕಾಗಿತ್ತು. ಈ ಕಲೆ ನಮ್ಮಣ್ಣನ ಉಂಗುರದಿಂದ ಆಗಿದ್ದಲ್ಲ. ನಾನು ಮಷೀನಲ್ಲಿ ಸವೆಸಿದ್ದು. ಅವನು ಅವತ್ತು ನನ್ನ ತಪ್ಪನ್ನ ತನ್ನ ತಲೆ ಮೇಲೆ ಹಾಕ್ಕೊಂಡ."

ಡಾಕ್ಟರಮ್ಮ ಅವಳನ್ನೇ ನೋಡುತ್ತಿದ್ದರು.

"ಉಗುರಿಟ್ಟು ನೋಡಿ ಸಾರ್. ಸವೆದ ಕಲೆಗೆ ಅಂಚಿರುತ್ತೆ. ಇದಕ್ಕಿಲ್ಲ. ಇದು ಬರೆದ ಕಲೆ. ಕದ್ದ ಕಾರಿಗೆ ಬಣ್ಣ ಹೊಡೆಯೋ ಕಳ್ಳ ಕಲೆ ಮುಚ್ತಾನೆ, ಕೂತ್ಕೊಂಡು ಹೊಸದಾಗಿ ಬರೀತಾನಾ? ಬೇರೆ ಕಾರನ್ನ ತಂದು ಇದೇ ಅದು ಅಂತ ನಂಬಿಸಬೇಕು ಅನ್ನೋನು ಮಾತ್ರ ಬರೆಸ್ತಾನೆ. ಗುರುತು ಅಂದ್ಕೊಂಡು ನನ್ನ ತಪ್ಪನ್ನೇ ನಕಲು ಮಾಡಿಸಿಬಿಟ್ರು."

ಇನ್‌ಸ್ಪೆಕ್ಟರ್ ಉಗುರಿಟ್ಟು ನೋಡಿದರು. ಎರಡು ಸಲ ನೋಡಿದರು. ಆಮೇಲೆ ಜೇಬಿನಿಂದ ಫೋನು ತೆಗೆದು, ಪ್ರದರ್ಶನದ ಕಚೇರಿಯ ನಂಬರು ಹುಡುಕಿ, ಮಾತಾಡಿದರು. ಪೇಸ್ಟು ಹಾಕಬಾರದು ಅನ್ನುವ ನಿಯಮ ನಿಮ್ಮಲ್ಲಿ ಉಂಟೇ? ಆ ಕಡೆಯವರ ನಗು ಪೋರ್ಟಿಕೋದಲ್ಲಿ ನಿಂತವರಿಗೆಲ್ಲ ಕೇಳಿಸಿತು. ಪಾಲಿಶ್ ಮಾಡದ ಕಾರನ್ನು ನಾವು ಗೇಟಿನೊಳಗೇ ಬಿಡುವುದಿಲ್ಲವಲ್ಲ ಸಾರ್ ಎಂದರು ಅವರು.

ಫೋನು ಜೇಬಿಗೆ ಹೋಯಿತು.

"ಪೇಸ್ಟು ಹಾಕಬೇಡಿ ಅಂತ ಯಾಕೆ ಹೇಳಿದ್ರಿ?" ಇನ್‌ಸ್ಪೆಕ್ಟರ್ ಕೇಳಿದರು. ದನಿ ಏರಿಸಲಿಲ್ಲ.

ಅಳಿಯ ಮೆಟ್ಟಿಲ ಮೇಲೆ ಕುಸಿದು ಕೂತ. ಇಸ್ತ್ರಿ ಬಟ್ಟೆ ಧೂಳಾಗುವ ಪರಿವೆಯೂ ಅವನಿಗಿರಲಿಲ್ಲ.

"ಬಣ್ಣ ಹೊಡೆದವನು ಹೇಳಿದ್ದ" ಎಂದ ಕೊನೆಗೆ. "ಒಣ ಬಟ್ಟೆ ಆದ್ರೆ ದೇವರಿಗೂ ಗೊತ್ತಾಗಲ್ಲ, ಪೇಸ್ಟು ಮಾತ್ರ ಬೇಡ ಅಂತ. ಹೊರದೇಶದ ಗಿರಾಕಿ ಒಬ್ಬ ಇದ್ದ. ಅಸಲಿ ಕಾರು ಅವನ ಕೈ ಸೇರೋವರೆಗೂ ಇಲ್ಲಿ ಯಾರಿಗೂ ಅನುಮಾನ ಬರಬಾರದಾಗಿತ್ತು."

"ಕಾರು ಎಲ್ಲಿದೆ?"

"ಬಂದರಿನ ಹತ್ರ ಒಂದು ಉಗ್ರಾಣದಲ್ಲಿ. ಇನ್ನೂ ಹಡಗಿಗೆ ಹೋಗಿಲ್ಲ. ನಾಡಿದ್ದು ಹೋಗಬೇಕಿತ್ತು."

"ಡ್ರೈವರು?"

ಅಳಿಯ ತಲೆ ಎತ್ತಲಿಲ್ಲ. "ಕಾರು ಎರಡು ದಿನ ಕಾಣೆಯಾಗಬೇಕು ಅಂದ್ರೆ ಯಾರೋ ಒಬ್ಬ ಕಳ್ಳ ಬೇಕಲ್ಲ ಸಾರ್. ಬೀಗದ ಕೈ ಅವನ ಹತ್ರ ಇರ್ತಿತ್ತು."

ಪಾಲಿಶಕ್ಕ ಕಾರಿನ ಮಡ್‌ಗಾರ್ಡಿಗೆ ಒರಗಿ ನಿಂತಳು. ಕಣ್ಣು ತುಂಬಿಕೊಂಡವು, ಒರೆಸಿಕೊಳ್ಳಲಿಲ್ಲ. ಹತ್ತು ದಿನದಿಂದ ಬೀದಿಯಲ್ಲಿ ಅವಳನ್ನು ಕಂಡು ಮುಖ ತಿರುಗಿಸಿದವರೆಲ್ಲ ನೆನಪಾದರು. ಕಳ್ಳನ ತಂಗಿ ಎಂದು ಮೂರು ಗ್ಯಾರೇಜಿನವರು ಕೆಲಸ ಬಿಡಿಸಿದ್ದರು. ಅತ್ತಿಗೆ ನಲ್ಲಿಯ ಹತ್ತಿರ ಹೋಗುವುದನ್ನೇ ಬಿಟ್ಟಿದ್ದಳು. ಇವತ್ತು ಸಂಜೆ ಅತ್ತಿಗೆಯ ಕೈ ಹಿಡಿದುಕೊಂಡು ಆ ಬೀದಿಯ ನಟ್ಟನಡುವೆ, ತಲೆಯೆತ್ತಿ, ಬೇಕೆಂದೇ ನಿಧಾನವಾಗಿ ನಡೆಯಬೇಕು ಅನ್ನಿಸಿತು. ಇಷ್ಟು ಸಂತೋಷ ತನ್ನ ಜನ್ಮದಲ್ಲಿ ಆಗಿರಲಿಲ್ಲ ಎಂದುಕೊಂಡಳು.

ಇನ್‌ಸ್ಪೆಕ್ಟರ್ ಬಂದರಿನ ಠಾಣೆಗೆ ಫೋನು ಮಾಡಿ ಉಗ್ರಾಣಕ್ಕೆ ಬೀಗ ಹಾಕಿಸಿದರು. ಹೊರಗಿದ್ದ ಪೇದೆಯನ್ನು ಕರೆದು ಅಳಿಯನನ್ನು ಜೀಪಿಗೆ ಕಳಿಸಿದರು. ಆಮೇಲೆ ಪಾಲಿಶಕ್ಕನ ಕಡೆ ತಿರುಗಿ ಟೋಪಿ ತೆಗೆದರು.

"ನಮ್ಮ ಕಣ್ಣಿಗೆ ಬೀಳದ್ದು ನಿಮ್ಮ ಉಗುರಿಗೆ ಸಿಕ್ಕಿತಮ್ಮ. ನಾಳೆ ಬೆಳಿಗ್ಗೆ ಕೋರ್ಟು ತೆಗೆಯೋ ಹೊತ್ತಿಗೆ ನಾನೇ ನಿಂತು ನಿಮ್ಮಣ್ಣನ್ನ ಬಿಡಿಸ್ತೀನಿ. ಇಲ್ಲೇ ಒಂದು ವರದಿ ಬರ್ಕೊಂಡುಬಿಡ್ತೀನಿ, ಇರಿ."

ಫೈಲನ್ನು ಕಾರಿನ ಬಾನೆಟ್ ಮೇಲಿಟ್ಟು ದಾರ ಬಿಚ್ಚಿದರು.

"ಅದನ್ನ ಈಗ ತೆಗೀಬೇಡಿ" ಎಂದರು ಡಾಕ್ಟರಮ್ಮ.

ಇಬ್ಬರೂ ತಿರುಗಿದರು. ಡಾಕ್ಟರಮ್ಮ ಕುರ್ಚಿಯ ಕೈ ಹಿಡಿದು ಎದ್ದು ನಿಂತಿದ್ದರು.

"ಯಾಕಮ್ಮಾ?"

"ಊಟದ ಹೊತ್ತಾಯ್ತು. ಆಮೇಲೆ ಬರೆದ್ರಾಯ್ತು."

ಗಂಟೆ ಇನ್ನೂ ಹನ್ನೊಂದೂವರೆ ಆಗಿರಲಿಲ್ಲ. ಇನ್‌ಸ್ಪೆಕ್ಟರ್ ಅವರನ್ನು ಒಂದು ಕ್ಷಣ ನೋಡಿ, ಫೈಲಿನ ಹಾಳೆಗಳನ್ನು ಒಂದೊಂದಾಗಿ ಮಗುಚಿದರು. ಆರನೆಯ ಹಾಳೆಯಲ್ಲಿ ಕೈ ನಿಂತಿತು. ಓದಿದರು. ಓದಿ, ಪಾಲಿಶಕ್ಕನ ಕಡೆ ಸರಿಸಿದರು.

ಅಣ್ಣನ ಅಕ್ಷರ. ಗುಂಡಗೆ, ಒತ್ತಿ ಒತ್ತಿ ಬರೆಯುವ ಅವನ ಅಕ್ಷರವನ್ನು ಅವಳು ಎಲ್ಲಿದ್ದರೂ ಗುರುತು ಹಿಡಿಯುತ್ತಿದ್ದಳು.

"ಗೋದಾಮಿನಲ್ಲಿ ಸಿಕ್ಕ ಕಾರನ್ನು ಪೊಲೀಸರು ನನಗೆ ತೋರಿಸಿದರು. ಮುಟ್ಟಿ ನೋಡಿದ್ದೇನೆ. ಒಂದು ಸುತ್ತು ಓಡಿಸಿಯೂ ನೋಡಿದ್ದೇನೆ. ಇದು ನಮ್ಮ ಡಾಕ್ಟರಮ್ಮನವರ ಕಾರೇ. ನನಗೆ ಯಾವ ಅನುಮಾನವೂ ಇಲ್ಲ."

ಕೆಳಗೆ ಅವನ ಸಹಿ ಇತ್ತು.

"ಮೂವತ್ತು ವರ್ಷ ಓಡಿಸಿದ ಕಾರು" ಇನ್‌ಸ್ಪೆಕ್ಟರ್ ಮೆಲ್ಲಗೆ ಅಂದರು. "ದಿನಾ ಬೆಳಿಗ್ಗೆ ಕೈಯಾರೆ ಒರೆಸಿದ ಕಾರು. ಸ್ಟೀರಿಂಗ್ ಹಿಡಿದ ಮೇಲೂ ನಿಮ್ಮಣ್ಣನಿಗೆ ಗೊತ್ತಾಗಲಿಲ್ಲ ಅಂದ್ರೆ ನಾನು ನಂಬಬೇಕಾ, ನೀವೇ ಹೇಳಿ."

ಪಾಲಿಶಕ್ಕನಿಗೆ ಬಾಗಿಲ ಒಳ ಅಂಚು ಉಜ್ಜಿದ ಮೇಲೆ ಗೊತ್ತಾಗಿದ್ದು, ಅಣ್ಣನಿಗೆ ಬಾಗಿಲು ತೆಗೆದ ಸದ್ದಿನಲ್ಲೇ ಗೊತ್ತಾಗಿರುತ್ತಿತ್ತು. ಅದರಲ್ಲಿ ಅವಳಿಗೆ ಸಂಶಯವಿರಲಿಲ್ಲ. ಇದು ನಕಲಿ ಎಂದು ಹೇಳಿದ್ದರೆ ಅನುಮಾನ ಅವತ್ತೇ ಬೇರೆ ಕಡೆ ತಿರುಗಿ ಬಿಡುಗಡೆ ಆಗುತ್ತಿದ್ದ. ಹೇಳಲಿಲ್ಲ. ಗೊತ್ತಿದ್ದೂ ಸುಳ್ಳು ಬರೆದುಕೊಟ್ಟು, ಸುಮ್ಮನೆ ಜೈಲಿಗೆ ಹೋಗಿದ್ದ.

"ಅವನು ಕಳ್ಳ ಅಲ್ಲ ಸಾರ್" ಎಂದಳು.

"ಅಲ್ಲ" ಎಂದರು ಡಾಕ್ಟರಮ್ಮ.

ಅವರು ನಿಧಾನವಾಗಿ ನಡೆದು ಬಂದು ಪಾಲಿಶಕ್ಕನ ಪಕ್ಕ ನಿಂತರು. ಹಾಳೆಯನ್ನು ಓದಲಿಲ್ಲ. ಓದುವ ಅಗತ್ಯ ಅವರಿಗಿದ್ದಂತೆ ಕಾಣಲಿಲ್ಲ.

"ಅವತ್ತು ನಾನೂ ಗೋದಾಮಿಗೆ ಹೋಗಿದ್ದೆ. ಅವನು ಕಾರು ಮುಟ್ಟಿದ ತಕ್ಷಣ ನನ್ನ ಮುಖ ನೋಡಿದ. ಹೀಗೆ ಬರ್ಕೊಡು ಅಂತ ಕೈ ಮುಗಿದು ಕೇಳ್ಕೊಂಡೋಳು ನಾನು. ಎರಡೇ ದಿನದಲ್ಲಿ ಬಿಡಿಸ್ತೀನಿ ಅಂದಿದ್ದೆ. ಆಗಲಿಲ್ಲ."

"ಯಾಕಮ್ಮಾ?" ಪಾಲಿಶಕ್ಕ ಕೇಳಿದಳು. "ನಿಮ್ಮದೇ ಕಾರಲ್ವಾ ಅದು?"

ಗೇಟಿನ ಹೊರಗೆ ಜೀಪು ಸ್ಟಾರ್ಟ್ ಆಯಿತು. ಡಾಕ್ಟರಮ್ಮ ಅದು ದೂರವಾಗುವವರೆಗೂ ಕಾದರು.

"ನನ್ನದೇ. ಅದಕ್ಕೇ ಅಳಿಯನ ಆಟ ಗೊತ್ತಿದ್ದೂ, ಆ ಕಾರು ಸಮುದ್ರ ದಾಟಿ ಹೋಗ್ಲಿ ಅಂತಿದ್ದೆ ಕಣೇ. ಈಗ ನೀನು ಅದನ್ನ ವಾಪಸ್ ತರಿಸ್ತಿದ್ದೀಯ. ಬಂದ ಮೇಲೆ ಅದರ ಹಿಂದಿನ ಸೀಟಿನ ಅಡಿಯಲ್ಲಿ ಏನಿದೆ ಅಂತ ಇವರು ನೋಡೇ ನೋಡ್ತಾರೆ."